ಚೀಲದೊಳಗಿನ ಚೀಟಿ

ಫಳ್ನೀರ್,
9 ಜೂನ್ 2024

ಪ್ರಿಯ ಪೂವಪ್ಪ,

ಫಳ್ನೀರಿನಿಂದ ನಿನ್ನ ಬಂದರಿನ ಅಂಗಡಿಗೆ ರಿಕ್ಷಾದಲ್ಲಿ ಹತ್ತು ನಿಮಿಷ. ಅಷ್ಟು ದೂರಕ್ಕೆ ಅಂಚೆಯಲ್ಲಿ ಕಾಗದ ಹಾಕುವವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಫೋನ್ ಮಾಡುವ ಹಾಗಿಲ್ಲ. ಡ್ರಿಲ್ಲಿಂಗ್ ಯಂತ್ರದ ಪಕ್ಕ ಮೂವತ್ತು ವರ್ಷ ನಿಂತು ಎರಡೂ ಕಿವಿ ಹೋಗಿವೆ. ಮಗಳು ಮೆರ್ಲಿನ್ ಕಿವಿಗೆ ಯಂತ್ರ ತಂದುಕೊಟ್ಟಿದ್ದಾಳೆ. ಅದು ಡ್ರಾಯರಿನಲ್ಲಿ ಸುಖವಾಗಿದೆ. ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸಿ ನನ್ನ ತಲೆಯೊಳಗೇ ತಿರುಗುತ್ತದೆ. ಜನ ಹೇಳುವುದರಲ್ಲಿ ಕೇಳಲೇಬೇಕಾದದ್ದು ಅಷ್ಟೇನೂ ಇಲ್ಲ ಎಂದು ಅವಳಿಗೆ ಹೇಳಿದ್ದೇನೆ.

ನಿನ್ನ ವಿಳಾಸ ಸಿಕ್ಕಿದ್ದು ಹೀಗೆ. ಮಾಂಸದ ಸಾರಿನ ಬಫಾತ್ ಮಸಾಲೆ ಪುಡಿ ಮಾಡಿಸಲೆಂದು ಮೆರ್ಲಿನ್ ಬಂದರಿನಿಂದ ಒಂದು ಸಣ್ಣ ಚೀಲ ಕೊತ್ತಂಬರಿ ತಂದಳು. ಹೊರಗೆ ಅಂಗಡಿಯ ಹೆಸರು, ತಾರೀಕು. ಬಾಯಿ ಬಿಚ್ಚಿದರೆ ಒಳಗೂ ಒಂದು ಚೀಟಿ: 'ಕೊತ್ತಂಬರಿ. 11 ಮೇ. ಪೂ.' ಹೊರಗೆ ಬರೆದದ್ದನ್ನೇ ಒಳಗೂ ಬರೆದು ಹಾಕುವ ಅಂಗಡಿಯವನು ಬೇರೆ ಯಾರಿದ್ದಾನೆ? ಮಳೆಗೆ ಹೊರಗಿನ ಶಾಯಿ ಅಳಿಸಿದರೂ ಒಳಗಿನ ಗುರುತು ಉಳಿಯಲಿ ಎಂದು ಕಲ್ಲಿನ ಚೀಲಗಳಿಗೆ ನೀನು ಮಾಡುತ್ತಿದ್ದ ಏರ್ಪಾಡು ಅದು. ನಾವು ಮಾತು ಬಿಟ್ಟು ಮೂವತ್ತೆಂಟು ವರ್ಷವಾಯಿತು. ಆ ಚೀಟಿಯನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಈಗ ಕೆಲಸದ ಮಾತು. ನಂತೂರಿನ ಹುಡುಗಿ, ಪ್ರಾಪ್ತಿ ಎಂದು ಹೆಸರು, ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಹಳೆಯ ಉಗ್ರಾಣವೊಂದರಲ್ಲಿ ಅವಳಿಗೆ ನಮ್ಮ ನೆಲ್ಲಿಗುಡ್ಡೆಯ ಚೀಲಗಳು ಸಿಕ್ಕಿವೆ. 1986ರಲ್ಲಿ ನಾನೂ ನೀನೂ ಘಟ್ಟದ ಬುಡದಲ್ಲಿ ಯುರೇನಿಯಂ ಅದಿರು ಹುಡುಕಿ, ಪುಡಿ ಮಾಡಿ, ಕಟ್ಟಿ ಕಳಿಸಿದ ಅರವತ್ತೆರಡೂ ಚೀಲ! ಜೊತೆಗಿದ್ದ ಕಡತದಲ್ಲಿ ನನ್ನ ಹೆಸರು ನೋಡಿ ನನಗೆ ಬರೆದಳು. ಆ ಅದಿರು ಅಲ್ಲಿಗೆ ಎಲ್ಲಿಂದ ಬಂತು ಎಂದು ಅವಳು ಹುಡುಕುತ್ತಾಳಂತೆ. ನಾವು ಬಾಯಿಯಲ್ಲಿ ಜಗಳವಾಡಿದ್ದನ್ನು ಅವಳು ಐಸೋಟೋಪುಗಳಲ್ಲಿ ನೋಡುತ್ತಾಳೆ. ಆಗ ಬೊಗಸೆ ಕಲ್ಲಿನಲ್ಲಿ ಸಿಗದಿದ್ದ ಉತ್ತರ ಈಗ ಸಾಸಿವೆಗಿಂತ ಸಣ್ಣ ಕಣದಲ್ಲಿ ಸಿಗುತ್ತದಂತೆ.

ಯಾವ ಚೀಲ ಯಾವ ಜಾಗದ್ದು ಎಂದು ಬರೆದ ನೋಟ್‌ಬುಕ್ ಅವಳಿಗೆ ಬೇಕು. ಅದು ನಿನ್ನ ಹತ್ತಿರ ಇರಬಹುದು ಎಂದು ನನ್ನ ಅಂದಾಜು. ಕೊಡುತ್ತೀಯಾ? ಹಳೆಯದನ್ನೆಲ್ಲ ಈ ಕಾಗದದಲ್ಲಿ ಎತ್ತುವುದಿಲ್ಲ.

ನಿನ್ನ,
ಆಂಬ್ರೋಸ್

---

ಬಂದರ್,
21 ಜೂನ್ 2024

ಶ್ರೀ ಆಂಬ್ರೋಸ್ ಅವರಿಗೆ,

ನೋಟ್‌ಬುಕ್ಕಿನ ನಲವತ್ತು ಪುಟಗಳ ನಕಲು ಜೊತೆಗಿದೆ. ಮೂಲ ಪುಸ್ತಕ ಕೊಡುವುದಿಲ್ಲ.

ಹಳೆಯದನ್ನು ಎತ್ತುವುದಿಲ್ಲ ಎಂದು ಬರೆದಿದ್ದೀರಿ. ಹಳೆಯದನ್ನು ಎತ್ತದೆ ಆ ಹುಡುಗಿಯ ಕೆಲಸ ಆಗುವುದಿಲ್ಲ. ಆದ್ದರಿಂದ ಅವಳಿಗೆ ಇಷ್ಟು ತಿಳಿಸಿ.

ನೆಲ್ಲಿಗುಡ್ಡೆಯಲ್ಲಿ ಎರಡು ಬಗೆಯ ಅದಿರು ಇತ್ತು. ಒಂದು, ಬೆಣಚುಕಲ್ಲಿನ ಗುಂಡುಗಳು ತುಂಬಿದ ಪದರದಲ್ಲಿ. ಇನ್ನೊಂದು, ಆ ಪದರವನ್ನು ಸೀಳಿದ ಬಿರುಕಿನಲ್ಲಿ. ಪದರದ ಅದಿರನ್ನು ಬಹಳ ಹಿಂದಿನ ಹೊಳೆಯೊಂದು ಬೇರೆ ಕಡೆಯಿಂದ ಉರುಳಿಸಿ ತಂದಿದೆ ಎಂದು ನಾನು ಹೇಳಿದೆ. ಅದು ಅಲ್ಲಿಯೇ ಹುಟ್ಟಿದ್ದು ಎಂದು ನೀವು ಹೇಳಿದಿರಿ. ತೀರ್ಮಾನಕ್ಕಾಗಿ ಪದರದ ಪುಡಿಯನ್ನು 17ನೇ ಚೀಲದಲ್ಲೂ ಬಿರುಕಿನ ಪುಡಿಯನ್ನು 18ರಲ್ಲೂ ಕಳಿಸಿದೆವು. ಲ್ಯಾಬಿನಲ್ಲಿ ಪದರದ್ದು ಎಳೆಯದು, ಬಿರುಕಿನದ್ದು ಪದರಕ್ಕಿಂತಲೂ ಹಳೆಯದು ಎಂದು ಬಂತು. ಪದರವನ್ನು ಸೀಳಿದ ಬಿರುಕಿನಲ್ಲಿ ತುಂಬಿದ್ದು ಪದರಕ್ಕಿಂತ ಹಳೆಯದಾಗುವುದು ಸಾಧ್ಯವಿಲ್ಲ. ಅದಲುಬದಲಾಗಿದೆಯೋ ಬೆರಕೆಯಾಗಿದೆಯೋ ಹೇಳಲಾಗದು ಎಂದರು. ಎರಡು ತಪ್ಪಿದವನ ಉಳಿದ ಅರವತ್ತನ್ನು ನಂಬುವುದು ಹೇಗೆ ಎಂದು ಎಲ್ಲವನ್ನೂ ಬದಿಗಿಟ್ಟರು. ಎರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಚೀಟಿಗಳ ಅಕ್ಷರ ನನ್ನದು. ಆದ್ದರಿಂದ ತಪ್ಪೂ ನನ್ನದೇ. ವಿಚಾರಣೆಯ ದಿನ ಹಾಗೆಯೇ ಹೇಳಿ, ನೌಕರಿ ಬಿಟ್ಟೆ. ಆಗ ನೀವು ಪಕ್ಕದ ಕುರ್ಚಿಯಲ್ಲಿದ್ದಿರಿ. ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು.

ಇತಿ,
ಪೂವಪ್ಪ

---

ಫಳ್ನೀರ್,
4 ಜುಲೈ 2024

ಪ್ರಿಯ ಪೂವಪ್ಪ,

'ಅವರಿಗೆ' ಎಂದು ಬರೆದು ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದೀಯ. ಇರಲಿ, ಅದಕ್ಕೆ ನಾನು ಯೋಗ್ಯನೇ. ಕಾಲೇಜಿನಲ್ಲಿ ಒಂದೇ ಬೆಂಚು, ಕ್ಯಾಂಪಿನಲ್ಲಿ ಒಂದೇ ಟೆಂಟು. ಬಾಯಲ್ಲಿ ತುಳು, ಕಾಗದದಲ್ಲಿ ಕನ್ನಡ ಎಂದು ಬದುಕಿದವರು ನಾವು. ನಕಲು ಮುಟ್ಟಿತು. ಕಾಗದಕ್ಕೆಲ್ಲ ಜೀರಿಗೆಯ ವಾಸನೆ.

ಪ್ರಾಪ್ತಿ ಮೊನ್ನೆ ಊರಿಗೆ ಬಂದವಳು ಮನೆಗೂ ಬಂದಿದ್ದಳು. ನನಗೆ ಕೇಳುವುದಿಲ್ಲವೆಂದು ಎಲ್ಲವನ್ನೂ ಬರೆದೇ ಹೇಳಿದಳು. ಯುರೇನಿಯಂ ಎಂದು ಹೆಸರು ಒಂದೇ ಆದರೂ ಅದರಲ್ಲಿ ಮುಖ್ಯವಾಗಿ ಎರಡು ತೂಕದ್ದು ಉಂಟು, 235 ಮತ್ತು 238. ಐಸೋಟೋಪ್ ಎಂದರೆ ಇವೇ. ಯುರೇನಿಯಂ ನೀರಿನಲ್ಲಿ ಕರಗಿ, ಹರಿದು, ಇನ್ನೊಂದು ಕಡೆ ಗಟ್ಟಿಯಾಗುವಾಗ ಭಾರದ್ದು ಕೂದಲೆಳೆಯಷ್ಟು ಹೆಚ್ಚು ಇಳಿಯುತ್ತದಂತೆ. ಕರಗದೆ ಕಣವಾಗಿಯೇ ಉರುಳಿ ಬಂದದ್ದರಲ್ಲಿ ತಾಯಿಬಂಡೆಯ ಪ್ರಮಾಣವೇ ಉಳಿಯುತ್ತದೆ. ಜೊತೆಗೆ ಯುರೇನಿಯಂ ತಾನಾಗಿಯೇ ನಿಧಾನಕ್ಕೆ ಸೀಸವಾಗುತ್ತ ಹೋಗುತ್ತದಲ್ಲ, ಆ ಸೀಸವನ್ನು ಅಳೆದರೆ ಹುಟ್ಟಿದ ಕಾಲ. ಅಂದರೆ ಒಂದು ಕಣ ಎಲ್ಲಿಂದ ಬಂತು, ಹೇಗೆ ಬಂತು, ಯಾವಾಗ ಹುಟ್ಟಿತು, ಎಲ್ಲವೂ ಕಣದೊಳಗೇ ಉಂಟು.

'ಕಲ್ಲು ಸುಳ್ಳು ಹೇಳುವುದಿಲ್ಲ ಅಂಕಲ್, ಚೀಲದ ಮೇಲೆ ಬರೆದದ್ದು ಮಾತ್ರ ಸುಳ್ಳಾಗಬಹುದು' ಎಂದು ಕೊನೆಗೆ ಬರೆದಳು. ನಾನು ಚಾ ಮಾಡುವ ನೆವದಲ್ಲಿ ಎದ್ದು ಅಡುಗೆಮನೆಗೆ ಹೋದೆ. ಹಾಲು ಉಕ್ಕಿ ಒಲೆಯೆಲ್ಲ ಕೆಟ್ಟಿತು.

ಆ ಜೂನ್ ನಿನಗೆ ನೆನಪಿದೆಯೇ? ಚೀಲಗಳನ್ನು ಕಟ್ಟಿ ಮುಗಿಸುವ ಹೊತ್ತಿಗೆ ನಿನಗೆ ಕಾಮಾಲೆ ಬಂದು ಮೂಡಬಿದಿರೆಯಲ್ಲಿ ಮಲಗಿದೆ. ನಾನೊಬ್ಬನೇ ಕ್ಯಾಂಪಿನಲ್ಲಿ. ಎಂತಹ ಮಳೆ ಮಾರಾಯ! ಆ ವಾರದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ,
ಆಂಬ್ರೋಸ್

---

ನಂತೂರು,
20 ಜುಲೈ 2024

ಆಂಬ್ರೋಸ್,

ಹಳೆಯ ಗೆಳೆಯನಿಗೆ 'ನೀವು' ಎಂದು ಬರೆದದ್ದಕ್ಕೆ ಜಯ ನನ್ನನ್ನು ಬೈದಳು. ಗಂಡನನ್ನು ಬೈಯಲು ಅವಳಿಗೆ ಬೇರೆ ಕಾರಣಗಳೂ ಇವೆ, ಆದರೆ ಇದನ್ನು ಒಪ್ಪಿದೆ.

ನೀನು ಆ ಕಾಮಾಲೆಯ ಮಾತು ತೆಗೆದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ನಾನೂ ಅದನ್ನೇ ಯೋಚಿಸಿದೆ. ಮಲಗುವ ಎರಡು ದಿನ ಮೊದಲೇ ಜ್ವರ ಒಳಗೆ ಶುರುವಾಗಿತ್ತು. ಆ ಹೊತ್ತಿನಲ್ಲಿ 17ರ ಚೀಟಿಯನ್ನು 18ರೊಳಗೆ ಹಾಕಿದೆನೇ? ಕಣ್ಣು ಮುಚ್ಚಿದರೆ ಚೀಟಿ ಬರೆಯುವುದು ಕಾಣುತ್ತದೆ, ಹಾಕುವುದೂ ಕಾಣುತ್ತದೆ, ತಪ್ಪಿದ್ದು ಮಾತ್ರ ಕಾಣುವುದಿಲ್ಲ. ಕಾಣದ ತಪ್ಪು ಮಾಡುವ ಕೈಯನ್ನು ನಂಬುವುದು ಹೇಗೆ?

ಮಸ್ಕತ್ತಿನಲ್ಲಿ ಹನ್ನೆರಡು ವರ್ಷ ಗೋದಾಮು ನೋಡಿಕೊಂಡೆ. ಅಲ್ಲಿಯ ಕಲ್ಲುಗುಡ್ಡಗಳನ್ನು ದೂರದಿಂದ ನೋಡಿದೆ, ಒಮ್ಮೆಯೂ ಹತ್ತಿರ ಹೋಗಲಿಲ್ಲ. ಈಗ ಈ ಮಸಾಲೆ ಅಂಗಡಿ. ಮೆಣಸಿಗೂ ಜೀರಿಗೆಗೂ ಹೊರಗೆ ಒಳಗೆ ಎರಡು ಚೀಟಿ. ಮೂಗಿರುವ ಯಾರಿಗಾದರೂ ಗೊತ್ತಾಗುತ್ತದೆ, ನನಗೆ ಮಾತ್ರ ಚೀಟಿ ಬೇಕು. ಸಂಜೆ ಗೋದಾಮಿಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುತ್ತೇನೆ. ಆದರೂ ಬಸ್ಸು ನಂತೂರಿಗೆ ಬರುವಷ್ಟರಲ್ಲಿ ಅನುಮಾನ ಹತ್ತುತ್ತದೆ. ಎಷ್ಟೋ ಸಲ ಇಳಿದು, ಇನ್ನೊಂದು ಬಸ್ಸು ಹಿಡಿದು ಬಂದರಿಗೆ ಹಿಂದಿರುಗಿದ್ದೇನೆ. ಬೀಗ ಹಾಕಿಯೇ ಇರುತ್ತದೆ. ಮನೆಯಲ್ಲಿ ಗ್ಯಾಸು ಮುಚ್ಚಿದ್ದೇನೋ ಇಲ್ಲವೋ ಎಂದು ಎದ್ದರೆ ಜಯ, "ನಾನು ನೋಡಿದ್ದೇನೆ, ಮುಚ್ಚಿ ಆಗಿದೆ, ಬನ್ನಿ ಮಾರಾಯ್ರೆ" ಎನ್ನುತ್ತಾಳೆ. ಅವಳು ನೋಡಿದರೆ ಮಾತ್ರ ಸಮಾಧಾನ.

ಹೊಳೆಯ ವಾದ ಗೆಲ್ಲಬೇಕು ಎಂಬ ಆಸೆ ಈಗ ಇಲ್ಲ. ನನಗೆ ಗೊತ್ತಾಗಬೇಕಾದದ್ದು ಒಂದೇ, ಆ ದಿನ ನನ್ನ ಕೈ ಎಲ್ಲಿ ತಪ್ಪಿತು ಎಂದು. ಆ ಹುಡುಗಿಯ ಐಸೋಟೋಪು ಅದನ್ನು ಹೇಳುತ್ತದೆಯೇ? ಕೇಳಿ ನೋಡು.

ಪೂವಪ್ಪ

---

ಹೈದರಾಬಾದ್,
14 ಆಗಸ್ಟ್ 2024

ಪ್ರೀತಿಯ ಆಂಬ್ರೋಸ್ ಅಂಕಲ್,

ಫಲಿತಾಂಶ ಬಂದಿದೆ. ಮೊದಲು ನಿಮಗೇ ಬರೆಯುತ್ತಿದ್ದೇನೆ.

17 ಮತ್ತು 18 ಅದಲುಬದಲಾಗಿರುವುದು ಖಚಿತ. ಅದೇ ಗುಂಡುಕಲ್ಲಿನ ಪದರದಿಂದ ತೆಗೆದ ಬೇರೆ ಏಳು ಚೀಲಗಳಿವೆ. ಅವುಗಳ ಕಣಗಳಿಗೆ ಎಲ್ಲ ರೀತಿಯಲ್ಲೂ ಹೊಂದುವುದು 18ರ ಕಣಗಳು, 17ರದ್ದಲ್ಲ. ಬೆರಕೆ ಸ್ವಲ್ಪವೂ ಇಲ್ಲ. ಉಳಿದ ಅರವತ್ತು ಚೀಲಗಳನ್ನೂ ನೋಟ್‌ಬುಕ್ ಇಟ್ಟುಕೊಂಡು ತಾಳೆ ನೋಡಿದೆ. ಅರವತ್ತೂ ಸರಿ. ಇಷ್ಟು ಅಚ್ಚುಕಟ್ಟಾದ ನೋಟ್‌ಬುಕ್ ನಾನು ನೋಡಿಲ್ಲ.

ಎರಡನ್ನೂ ಸರಿಯಾದ ಜಾಗಕ್ಕೆ ಇಟ್ಟರೆ ಪೂವಪ್ಪ ಅಂಕಲ್ ಬರೆದದ್ದೇ ನಿಜ. ಪದರದ ಕಣಗಳಿಗೆ ಸುಮಾರು ಮುನ್ನೂರ ಹತ್ತು ಕೋಟಿ ವರ್ಷ. ಪದರಕ್ಕೆ ಅದಕ್ಕಿಂತ ಇಪ್ಪತ್ತು ಕೋಟಿ ವರ್ಷ ಕಡಿಮೆ. ಅಂದರೆ ಕಣ ಬೇರೆ ಎಲ್ಲೋ ಹುಟ್ಟಿ, ಆಮೇಲೆ ಇಲ್ಲಿಗೆ ಬಂದಿದೆ. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇದ್ದದ್ದರಿಂದ ಯುರೇನಿಯಂ ಹೊಳೆಯಲ್ಲಿ ಕರಗದೆ ಮರಳಿನಂತೆ ಉರುಳಿಬಂದಿದೆ. 235, 238ರ ಪ್ರಮಾಣವೂ ತಾಯಿಬಂಡೆಯದ್ದೇ. ಬಿರುಕಿನ ಅದಿರು ಬಹಳ ತಡವಾಗಿ, ಬಿಸಿನೀರಿನಿಂದ ಆದದ್ದು. ಅದರಲ್ಲಿ ಭಾರದ್ದು ತುಸು ಹೆಚ್ಚು.

ಒಂದು ವಿಷಯ ಅರ್ಥವಾಗಲಿಲ್ಲ. 17, 18 ಸೇರಿ ಆರು ಚೀಲಗಳ ಒಳಚೀಟಿಗಳ ಅಂಚು ಕಂದಿ, ಮಸಿ ಹಿಡಿದಿದೆ. ಆ ಆರರಲ್ಲಿ ಮಾತ್ರ ಹೊರಗಿನ ನಂಬರು ನೀಲಿಯ ಬದಲು ಹಸಿರು ಶಾಯಿಯಲ್ಲಿದೆ. ಯಾರಾದರೂ ಚೀಟಿಗಳನ್ನು ಹೊರಗೆ ತೆಗೆದಿದ್ದರೇ? ಹಳೆಯ ವರದಿಯಲ್ಲಿ 'ಕ್ಷೇತ್ರ ಸಹಾಯಕ ಪೂವಪ್ಪ ಅವರ ಅಜಾಗರೂಕತೆ' ಎಂದಿದೆ. ಬೇರೆ ಮಾಹಿತಿ ಸಿಗದಿದ್ದರೆ ನಾನೂ ಅದನ್ನೇ ಬರೆಯಬೇಕಾಗುತ್ತದೆ, ಬರೆಯಲು ಮನಸ್ಸಿಲ್ಲ. ತಿಂಗಳ ಕೊನೆಗೆ ಲೇಖನ ಕಳಿಸಬೇಕು. ನಿಮಗೆ ಏನಾದರೂ ನೆನಪಿದ್ದರೆ ದಯವಿಟ್ಟು ತಿಳಿಸಿ.

ನಿಮ್ಮ,
ಪ್ರಾಪ್ತಿ

---

ಫಳ್ನೀರ್,
18 ಆಗಸ್ಟ್ 2024

ಪ್ರಿಯ ಪೂವಪ್ಪ,

ಈ ಕಾಗದವನ್ನು ಕುಳಿತು ಓದು. ಜಯ ಹತ್ತಿರವಿದ್ದರೆ ಒಳ್ಳೆಯದು.

ನಿನ್ನ ಕೈ ತಪ್ಪಲಿಲ್ಲ. ತಪ್ಪಿದ್ದು ನನ್ನ ಕೈ.

ನೀನು ಮೂಡಬಿದಿರೆಗೆ ಹೋದ ಮೂರನೆಯ ದಿನ, ಜೀಪು ಹೊಳೆ ದಾಟುವಾಗ ಒಳಗೆ ನೀರು ನುಗ್ಗಿತು. ಆರು ಚೀಲ ಒದ್ದೆಯಾಗಿ ಹೊರಗಿನ ನಂಬರು ಅಳಿಸಿಹೋಯಿತು. ಒಳಚೀಟಿಗಳೂ ಮುಟ್ಟಿದರೆ ಹರಿಯುವಷ್ಟು ಮೆತ್ತಗಾಗಿದ್ದವು. ಅವೂ ಕೊಳೆತರೆ ಗುರುತೇ ಉಳಿಯುವುದಿಲ್ಲ ಎಂದು ಆರನ್ನೂ ಹೊರಗೆ ತೆಗೆದು, ಚಿಮಿಣಿ ಎಣ್ಣೆಯ ಸ್ಟವ್ವಿನ ಪಕ್ಕ ತಟ್ಟೆಯಲ್ಲಿ ಸಾಲಾಗಿ ಹರಡಿದೆ. ಚೀಲಗಳನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ್ದೆ. ಗಾಳಿಗೆ ಎರಡು ಚೀಟಿ ನೆಲಕ್ಕೆ ಬಿದ್ದವು. ಎತ್ತಿ ಇಟ್ಟೆ, ಸರಿಯಾಗಿಯೇ ಇಟ್ಟೆ ಅಂದುಕೊಂಡೆ. ಒಣಗಿದ ಮೇಲೆ ಚೀಲಗಳಿಗೆ ಹಾಕಿ, ಚೀಟಿ ನೋಡಿ ಹೊರಗಿನ ನಂಬರನ್ನು ನನ್ನ ಹಸಿರು ಪೆನ್ನಿನಲ್ಲಿ ಬರೆದೆ. ಒಳಗೂ ಹೊರಗೂ ಒಂದೇ ನಂಬರು ಇದ್ದದ್ದರಿಂದ ನಿನ್ನ ಏರ್ಪಾಡಿಗೂ ಅದು ಸಿಕ್ಕಿಬೀಳಲಿಲ್ಲ.

ಇಷ್ಟೇ ಆಗಿದ್ದರೆ ಅದು ಬರೀ ಕೈತಪ್ಪು. ವಿಚಾರಣೆಯ ದಿನ, "ಚೀಟಿ ಹೊರಗೆ ತೆಗೆದದ್ದುಂಟೋ?" ಎಂದು ಅವರು ಕೇಳಿದರು. ನೀನು ಇಲ್ಲ ಎಂದೆ. ನಿನಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ನನ್ನ ಕಡೆ ನೋಡಿದರು. ನಾನೂ ಇಲ್ಲವೆಂದು ತಲೆಯಾಡಿಸಿದೆ. ನನ್ನ ನೌಕರಿ ಆಗ ಇನ್ನೂ ಖಾಯಂ ಆಗಿರಲಿಲ್ಲ, ಹೆಂಡತಿ ಆನಿ ಬಸುರಿ. ಹೇಳಿಕೊಳ್ಳಲು ಇನ್ನೂ ನಾಚಿಕೆಯಾಗುವ ಕಾರಣ ಇನ್ನೊಂದಿದೆ. ಅದಲುಬದಲಾದದ್ದು ಹೌದು ಎಂದು ಬಾಯಿಬಿಟ್ಟಿದ್ದರೆ ಲ್ಯಾಬಿನ ಫಲಿತಾಂಶ ನಿನ್ನ ಹೊಳೆಯ ಕಡೆಗೆ ತಿರುಗುತ್ತಿತ್ತು. ನನ್ನ ವಾದ ಸೋಲುತ್ತಿತ್ತು.

ನೀನು ಹೇಗೋ ಇದನ್ನು ಊಹಿಸಿದ್ದೀ, ಅದಕ್ಕೇ ದೂರವಾದೆ ಎಂದು ತಿಳಿದಿದ್ದೆ. ಜೂನಿನ ಕಾಗದದಲ್ಲಿ 'ತಪ್ಪೂ ನನ್ನದೇ' ಎಂದದ್ದು ಚುಚ್ಚುಮಾತು ಎಂದುಕೊಂಡೆ. ನೀನು ನಿಜವಾಗಿಯೂ ಹಾಗೆ ನಂಬಿದ್ದೀ ಎಂದು ಬೀಗದ ಕಥೆ ಓದುವವರೆಗೆ ನನಗೆ ಹೊಳೆದಿರಲಿಲ್ಲ. ಆ ಕಾಗದ ಓದಿಯೂ ನಾಲ್ಕು ವಾರ ಸುಮ್ಮನಿದ್ದೆ. ಆನಿ ತೀರಿಕೊಳ್ಳುವವರೆಗೂ ಅವಳಿಗೂ ಹೇಳಿರಲಿಲ್ಲ. ನಿನ್ನೆ ಮೆರ್ಲಿನ್‌ಗೆ ಹೇಳಿದೆ. ಇವತ್ತು ಅವಳು ನನ್ನ ತಟ್ಟೆಯನ್ನು ಮೇಜಿನ ಮೇಲಿಟ್ಟು, ತನ್ನದನ್ನು ಕೋಣೆಗೆ ತೆಗೆದುಕೊಂಡು ಹೋದಳು.

ಪ್ರಾಪ್ತಿಯ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ. ನಿನ್ನ ಹೊಳೆ ನಿಜ. ನಿನ್ನ ಅರವತ್ತು ಚೀಲವೂ ಸರಿ.

ಆಂಬ್ರೋಸ್

---

ಫಳ್ನೀರ್,
19 ಆಗಸ್ಟ್ 2024

ಪ್ರೀತಿಯ ಪ್ರಾಪ್ತಿ,

ಚೀಟಿಗಳನ್ನು ಹೊರಗೆ ತೆಗೆದು ಒಣಗಿಸಿದವನು ನಾನು. ಹಸಿರು ಶಾಯಿ ನನ್ನದು. ವಿಚಾರಣೆಯಲ್ಲಿ ಸುಳ್ಳು ಹೇಳಿದವನೂ ನಾನೇ. ಹೆಸರು ಹಾಕಿಯೇ ಬರೆ. 'ಯಾರೋ' ಎಂದು ಬರೆಯಬೇಡ.

ಆಂಬ್ರೋಸ್ ಅಂಕಲ್

---

ಫಳ್ನೀರ್,
29 ಸೆಪ್ಟೆಂಬರ್ 2024

ಪ್ರಿಯ ಪೂವಪ್ಪ,

ಉತ್ತರ ಬಂದಿಲ್ಲ. ಬರಲೇಬೇಕೆಂದೂ ಇಲ್ಲ. ಆದರೂ ಒಂದು ವಿಷಯ ಮುಚ್ಚಿಡುವುದು ಬೇಡ, ಮುಚ್ಚಿಟ್ಟದ್ದು ಸಾಕು.

ಗುರುವಾರ ಸಂಜೆ ನಡೆದುಕೊಂಡೇ ಬಂದರಿಗೆ ಬಂದಿದ್ದೆ. ನಿನ್ನ ಅಂಗಡಿಯ ಎದುರು ಸಾಲಿನಲ್ಲಿ, ಒಣಮೀನಿನ ಗೋದಾಮಿನ ಹತ್ತಿರ ನಿಂತೆ. ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿದೆ. ನೀನು ಬೀಗ ಹಾಕಿದೆ, ಎಳೆದೆ. ನಾಲ್ಕು ಹೆಜ್ಜೆ ಹೋಗಿ ಹಿಂದೆ ಬಂದು ಪುನಃ ಎಳೆದೆ. ಮೂರನೆಯ ಸಲ ಎಳೆಯುವುದನ್ನು ನೋಡಲು ನನ್ನಿಂದಾಗಲಿಲ್ಲ. ಕರೆಯುವ ಧೈರ್ಯವೂ ಬರಲಿಲ್ಲ. ಮನೆಗೆ ಬಂದೆ.

ಆಂಬ್ರೋಸ್

---

ನಂತೂರು,
6 ನವೆಂಬರ್ 2024

ಆಂಬ್ರೋಸ್,

ಉತ್ತರ ಬರೆಯದೆ ಇರಲಿಲ್ಲ. ಬರೆದು ಬರೆದು ಹರಿದೆ. ಮೊದಲಿನ ನಾಲ್ಕರಲ್ಲಿ ಇದ್ದದ್ದು ಬೈಗುಳ. ತುಳುವಿನಲ್ಲಿ ಮನಸ್ಸಿಗೆ ಬಂದದ್ದು ಕನ್ನಡದಲ್ಲಿ ಬರೆಯುವಾಗ ಸಪ್ಪೆಯಾಯಿತು.

ನಿನ್ನ ಆಗಸ್ಟಿನ ಕಾಗದವನ್ನು ಮೆಣಸಿನ ಮೂಟೆಯ ಮೇಲೆ ಕುಳಿತು ಓದಿದೆ. ಮನೆಯಲ್ಲಿ ಜಯಳಿಗೆ ಕೊಟ್ಟೆ. ಅವಳು ಓದಿ, "ಹಾಗಾದರೆ ಇಷ್ಟು ವರ್ಷ ನಾನು ಗ್ಯಾಸು ನೋಡಿ ಬಂದದ್ದು ಈ ಮನುಷ್ಯನಿಂದಾಗಿಯೋ?" ಎಂದು ನಕ್ಕಳು. ಮರುಗಳಿಗೆ ಸೆರಗು ಮುಖಕ್ಕೆ ಹಿಡಿದು ಅತ್ತಳು. ಅವಳನ್ನು ಅಳಿಸಿದ್ದಕ್ಕೆ ನಿನ್ನ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ದೀಪಾವಳಿಗೆ ಬಂದ ಪ್ರಾಪ್ತಿ ಲೇಖನದ ಪ್ರತಿ ಹಿಡಿದುಕೊಂಡು ಅಂಗಡಿಗೆ ಬಂದಿದ್ದಳು. ನೆಲ್ಲಿಗುಡ್ಡೆಯ ನಕ್ಷೆಯ ಕೆಳಗೆ ನನ್ನ ಹೆಸರು, ನನ್ನ ನೋಟ್‌ಬುಕ್ಕಿನ ವರ್ಷ. ಹಿಂದಿನ ಪುಟದಲ್ಲಿ ನಿನ್ನ ಹೆಸರು, ಆರು ಚೀಟಿ ಒಣಗಿಸಿದ ವಿಷಯ. ಅದನ್ನು ಹಾಕಿಸಿಕೊಳ್ಳುವುದು ಸುಲಭವಲ್ಲ, ಅದನ್ನು ಒಪ್ಪುತ್ತೇನೆ. ಹೊಳೆ ನಿಜವಾದದ್ದಕ್ಕೆ ಸಂತೋಷವಾಯಿತು. ಆದರೆ ನಾನು ಪುನಃ ಪುನಃ ಓದಿದ್ದು ಬೇರೆ ಸಾಲು, ಉಳಿದ ಅರವತ್ತೂ ಸರಿ ಎಂಬುದು. ಪ್ರಾಪ್ತಿ ಹೋದ ಮೇಲೆ ನನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ನೋಡಿದೆ. ಅರವತ್ತೇಳು ವರ್ಷದ ಕೈ. ಪಾಪ, ಅದಕ್ಕೆ ಎಷ್ಟು ಬೈದಿದ್ದೆ.

ನಿನ್ನನ್ನು ಕ್ಷಮಿಸಿದೆ ಎಂದು ಬರೆಯುವುದಿಲ್ಲ. ಒಳಗೆ ಇನ್ನೂ ಅದು ಇಲ್ಲ. ಇಲ್ಲದ್ದನ್ನು ಇದೆ ಎಂದು ಬರೆದರೆ ತಪ್ಪು ಚೀಟಿ ಹಾಕಿದ ಹಾಗೆ.

ಮೊನ್ನೆ ಸೋಮವಾರ ಸಂಜೆ ಗೋದಾಮಿಗೆ ಬೀಗ ಹಾಕಿದೆ. ಒಂದೇ ಸಲ ಎಳೆದು ನೋಡಿ ಬಸ್ಸು ಹತ್ತಿದೆ. ನಂತೂರಿನ ಲಾರಿಗಳ ಸಾಲಿನಲ್ಲಿ ಬಸ್ಸು ನಿಂತಿತು. ಇಳಿದು ಹಿಂದಕ್ಕೆ ಹೋಗುವ ಜಾಗ ಅದು. ಇಳಿಯಲಿಲ್ಲ. ಮನೆಗೆ ಬಂದು ಊಟ ಮಾಡಿ ಮಲಗಿದೆ. ಬೆಳಿಗ್ಗೆ ಹೋಗಿ ನೋಡಿದರೆ ಬೀಗ ಹಾಕಿಯೇ ಇತ್ತು. ಕೀಲಿಕೈ ಹಿಡಿದುಕೊಂಡು, ದಾರಿಯಲ್ಲಿ ಜನ ನೋಡುತ್ತಿದ್ದರೂ, ಅದರ ಎದುರು ನಿಂತು ಅತ್ತುಬಿಟ್ಟೆ.

ಭಾನುವಾರ ಅಂಗಡಿಗೆ ರಜೆ. ಹತ್ತು ಗಂಟೆಗೆ ಬಾ, ನಾನು ಬಾಗಿಲು ತೆಗೆದು ಕುಳಿತಿರುತ್ತೇನೆ. ಮೂವತ್ತೆಂಟು ವರ್ಷದ್ದು ಹೇಳುವುದಿದೆ, ಎದುರಿಗೆ ಕೂರಿಸಿಕೊಂಡು, ತುಳುವಿನಲ್ಲಿ. ಬರೆದು ತೋರಿಸುವುದಿಲ್ಲ. ಡ್ರಾಯರಿನಲ್ಲಿರುವ ಯಂತ್ರವನ್ನು ಕಿವಿಗೆ ಹಾಕಿಕೊಂಡು ಬಾ.

ಪೂವಪ್ಪ